ಅಪ್ಪನ ಪಾಲು

ಕಂಪ್ಯೂಟರಿಗೆ ಕನ್ನಡ ಕಲಿಸುವ ಹಟ ಒಂದಿಲ್ಲದಿದ್ದರೆ ಅಜಯಕುಮಾರನ ಆ ಭಾನುವಾರ ಬೇರೆ ಭಾನುವಾರಗಳ ಹಾಗೆ ಗಿರ್ಮಿಟ್ಟು, ಮಿರ್ಚಿ, ಮಧ್ಯಾಹ್ನದ ನಿದ್ದೆಯಲ್ಲಿ ಸುಖವಾಗಿ ಮುಗಿಯುತ್ತಿತ್ತು.

ಅವನು ರೋಣದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಮನೆ ಗಜೇಂದ್ರಗಡದ ನೇಕಾರ ಓಣಿಯಲ್ಲಿ. ಅಪ್ಪ ಮುದಿಯಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ಮನೆಯ ಎರಡು ಕುಣಿಮಗ್ಗಗಳಲ್ಲಿ ಒಂದರಲ್ಲಿ ಅವ್ವ ಅನ್ನವ್ವ ಈಗಲೂ ಸೀರೆ ನೇಯುತ್ತಾಳೆ. ಇನ್ನೊಂದು ಅಪ್ಪನದು. ಅದನ್ನು ಬಿಚ್ಚಿ, ಕುಣಿಯ ಮೇಲೆ ಹಲಗೆ ಹಾಸಿ, ಅಜಯಕುಮಾರ ಮೇಜು ಇಟ್ಟುಕೊಂಡಿದ್ದಾನೆ. ಅಪ್ಪ ಕಾಲು ಇಳಿಬಿಟ್ಟು ಕೂರುತ್ತಿದ್ದ ಜಾಗದ ಮೇಲೆ ಮಗನ ಕಂಪ್ಯೂಟರು. ಅಪ್ಪ ಎಲೆಯಡಿಕೆಯ ಚೀಲ ಇಡುತ್ತಿದ್ದ ಗೂಡಿನಲ್ಲಿ ಮಗನ ಡಬ್ಬಿ.

ಈ ಡಬ್ಬಿ ಇಟ್ಟಿಗೆಯಷ್ಟು ದಪ್ಪ, ಕಪ್ಪು ಬಣ್ಣ, ಮುಂದೆ ನಾಲ್ಕು ನೀಲಿ ದೀಪ. ಮನೆಯ ವೈಫೈಗೆ ಜೋಡಿಸಿಟ್ಟರೆ ಮನೆಯವರೆಲ್ಲರ ಫೋಟೊ, ವಿಡಿಯೊ, ದನಿ ಅದರ ಹೊಟ್ಟೆಯಲ್ಲಿ ಕೂಡಿಡಬಹುದು. ಯಾರ ಫೋನಿನಿಂದಲಾದರೂ ತೆರೆದು ನೋಡಬಹುದು. ನರಗುಂದದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ತಮ್ಮ ಶರತ ಅದನ್ನು ತಂದು ಹಚ್ಚಿಕೊಟ್ಟಿದ್ದ. ಡಬ್ಬಿಯೊಳಗೆ ಒಬ್ಬೊಬ್ಬರಿಗೆ ಒಂದೊಂದು ಖಾನೆ. ಅದಕ್ಕೆ ಇಂಗ್ಲಿಷಿನವರು ‘ಶೇರ್’ ಎನ್ನುತ್ತಾರೆ. ಕನ್ನಡದಲ್ಲಿ ವಿಜ್ಞಾನ ಹೇಳಲು ಬರುತ್ತದೆಂದು ಮೂವತ್ತು ಸಭೆಯಲ್ಲಿ ಭಾಷಣ ಮಾಡಿದ್ದ ಅಜಯಕುಮಾರ ಸುಮ್ಮನಿರುತ್ತಾನೆಯೇ? ಅವನು ಖಾನೆಗಳಿಗೆ ಹೆಸರಿಟ್ಟ: ನನ್ನ ಪಾಲು, ಶರತನ ಪಾಲು, ಅವ್ವನ ಪಾಲು, ಅಪ್ಪನ ಪಾಲು. ಯಾರು ಯಾವುದನ್ನು ತೆರೆಯಬಹುದು ಎಂಬ ಜಾಗದಲ್ಲಿ ‘ಹಕ್ಕು’ ಎಂದು ಬರೆದ. ಡಬ್ಬಿಯನ್ನು ನಡೆಸುವವನ ಉದ್ದನೆಯ ಇಂಗ್ಲಿಷ್ ಹೆಸರು ಅಳಿಸಿ ‘ಯಜಮಾನ’ ಎಂದು ಮಾಡಿದ. ಹಚ್ಚಿಕೊಟ್ಟವನು ಶರತನಾದ್ದರಿಂದ ಅದರ ಮುಂದೆ ಶರತನ ಹೆಸರೇ ಉಳಿಯಿತು.

ಹೆಂಡತಿ ರೂಪಾ ಅಂದೇ ಪರದೆಯನ್ನು ಓದಿ ಕೇಳಿದ್ದಳು: “ಇದು ಡಬ್ಬಿನೋ, ಆಸ್ತಿ ವಾಟ್ನಿ ಪತ್ರನೋ?”

ಆ ಭಾನುವಾರ ಬೆಳಿಗ್ಗೆ ಅಬ್ಬಿಗೇರಿಯಿಂದ ಸೋದರತ್ತೆ ಮರಿಯವ್ವ ಬಂದಳು. ಮುದಿಯಪ್ಪನ ಅಕ್ಕ. ಎಂಬತ್ತರ ಹತ್ತಿರದ ಜೀವ. ಮಂಡಿ ಹೋಗಿದ್ದವು, ಮಾತು ಹೋಗಿರಲಿಲ್ಲ. ಅವಳು ಬಂದದ್ದು ಒಂದೇ ಕಾರಣಕ್ಕೆ. ಫೋನಿನಲ್ಲಿ ಯಾವಾಗಲೋ ಅಜಯಕುಮಾರ, ಅಪ್ಪನ ದನಿ ನನ್ನ ಬಳಿ ಇದೆ, ಬಂದರೆ ಕೇಳಿಸುತ್ತೇನೆ ಎಂದಿದ್ದ. ಅಪ್ಪ ಬದುಕಿದ್ದಾಗ, ಮಗ್ಗದ ಮೇಲೆ ಕೂತು ಪದ ಹೇಳುತ್ತಿರುವಾಗ, ಮಗ ತನ್ನ ಫೋನನ್ನು ಗೂಡಿನಲ್ಲಿಟ್ಟು ಹಿಡಿದದ್ದು ಅದು. ಆ ಫೋನು ಆಮೇಲೆ ಕೊಣ್ಣೂರು ಸೇತುವೆಯ ಮೇಲೆ, ಉಕ್ಕಿ ಬಂದ ಹೊಳೆಯ ಚಿತ್ರ ತೆಗೆಯಲು ಹೋಗಿ ಕೈಜಾರಿ ಮಲಪ್ರಭೆಗೆ ಸೇರಿತ್ತು. ಅದೃಷ್ಟಕ್ಕೆ ದನಿಯನ್ನು ಅಷ್ಟರಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಇನ್ನು ಕಳೆಯಬಾರದೆಂದೇ ಈ ಡಬ್ಬಿ ತಂದು, ಅದರೊಳಗಿಟ್ಟು, ಕಂಪ್ಯೂಟರಿನದನ್ನು ಅಳಿಸಿದ್ದ. ವಿಜ್ಞಾನ ಓದಿದವರು ಮಾಡುವ ತಪ್ಪುಗಳು ಯಾವಾಗಲೂ ಹೀಗೆ, ಬಹಳ ಯೋಚನೆ ಮಾಡಿ ಮಾಡಿದವು.

ಮರಿಯವ್ವ ಚಹಾ ಬಟ್ಟಲು ಕೆಳಗಿಟ್ಟು ಹೇಳಿದಳು:

“ಮಾರಿ ಫೋಟೋದಾಗ ಐತಿ, ತಮ್ಮಾ. ದಿನಾ ನೋಡ್ತೀನಿ. ದನಿ ಮರತೈತಿ. ಯಾರ್ಯಾರದೋ ಕಿವ್ಯಾಗ ಬರ್ತಾವ, ಮುದಿಯಾಂದ ಬರವಲ್ದು. ಒಮ್ಮೆ ಕೇಳಿಸಿಬಿಡು. ಸಂಜಿ ಬಸ್ಸಿಗೆ ಹೋಗ್ತೀನಿ. ಎಮ್ಮಿ ನನ್ನ ಕೈ ಬಿಟ್ಟರ ಯಾರಿಗೂ ಹಾಲ ಬಿಡಂಗಿಲ್ಲ.”

ಅಜಯಕುಮಾರ ಕುರ್ಚಿ ಎಳೆದುಕೊಂಡು ಕೂತ. ‘ಅಪ್ಪನ ಪಾಲು’ ಒತ್ತಿದ. ಪರದೆ ಹೆಸರು ಕೇಳಿತು, ಕೊಟ್ಟ. ಗುಟ್ಟಿನ ಪದ ಕೇಳಿತು, ಕೊಟ್ಟ. ಆಗ ಅವನೇ ಕಲಿಸಿದ ಕನ್ನಡದಲ್ಲಿ ಅದು ಹೇಳಿತು: ‘ಈ ಪಾಲಿನಲ್ಲಿ ನಿಮಗೆ ಹಕ್ಕಿಲ್ಲ.’

ನಿನ್ನೆ ರಾತ್ರಿ ಡಬ್ಬಿ ತನ್ನನ್ನು ತಾನೇ ಹೊಸದು ಮಾಡಿಕೊಂಡಿತ್ತು. ಅವು ಆಗಾಗ ಹಾಗೆ ಮಾಡಿಕೊಳ್ಳುತ್ತವೆ. ಈ ಸಲ ಯಾರಿಗೆ ಏನು ಹಕ್ಕಿತ್ತು ಎಂಬುದನ್ನು ಮರೆತುಬಿಟ್ಟಿತ್ತು. ವರ್ಗವಾಗಿ ಬಂದ ಹೊಸ ಸಾಹೇಬನ ಹಾಗೆ, ಹಳೆಯ ಯಾವ ಗುರುತನ್ನೂ ಒಪ್ಪುತ್ತಿರಲಿಲ್ಲ.

ಅಜಯಕುಮಾರ ಗಾಬರಿಯಾಗಲಿಲ್ಲ. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಹೇಳುವ ಪಾಠವನ್ನು ತನಗೇ ಹೇಳಿಕೊಂಡ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಫಲ ನೋಡಬೇಕು, ಆಮೇಲೆ ಮುಂದಿನದು. ಡಬ್ಬಿಯನ್ನು ಆರಿಸಿ ಹಚ್ಚಿದ. ವೈರು ಬದಲಾಯಿಸಿದ. ಕಂಪ್ಯೂಟರು ನೆನಪಿಟ್ಟುಕೊಂಡಿದ್ದ ಹಳೆಯ ಗುಟ್ಟಿನ ಪದ ಅಳಿಸಿ ಹೊಸದಾಗಿ ಬರೆದ. ಫೋನಿನಿಂದ ತೆರೆದ, ರೂಪಾಳ ಫೋನಿನಿಂದ ತೆರೆದ. ಡಬ್ಬಿ ಇರುವುದು ಕಾಣುತ್ತಿತ್ತು. ಖಾನೆಗಳು ಸಾಲಾಗಿ ಕಾಣುತ್ತಿದ್ದವು. ಯಾವ ಬಾಗಿಲೂ ತೆರೆಯುತ್ತಿರಲಿಲ್ಲ. ಬೀಗರ ಮನೆಯ ಊಟದಂತೆ, ಘಮ ಬರುತ್ತಿತ್ತು, ಎಲೆ ಬೀಳುತ್ತಿರಲಿಲ್ಲ.

ಹಿಂದೆ ಮರಿಯವ್ವ ಗೋಡೆಗೆ ಒರಗಿ ಕೂತು, ತಮ್ಮ ಈಗ ಹಾಡುತ್ತಾನೆ, ಈಗ ಹಾಡುತ್ತಾನೆ ಎಂದು ಕಿವಿಯ ಮೇಲಿನ ಸೆರಗು ಸರಿಸಿಕೊಂಡೇ ಇದ್ದಳು. ಆ ಸೆರಗು ನೋಡಿ ಅಜಯಕುಮಾರ ಪ್ರಯೋಗವನ್ನು ಅಲ್ಲಿಗೇ ಬಿಟ್ಟ. ಅವನು ಶರತನಿಗೆ ಫೋನು ಹಚ್ಚಿದ.

ಹೊರಗಿನ ಕಟ್ಟೆಯ ಮೇಲೆ, ಕಿಟಕಿಯ ಸರಿಯಾಗಿ ಕೆಳಗೆ, ಪಕ್ಕದ ಮನೆಯ ಮಕ್ತುಮಬಿ ರಾಟಿ ಹೂಡಿಕೊಂಡು ಅನ್ನವ್ವನ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಒಳಗಿನ ಮಾತು ಅರ್ಧ ಮಾತ್ರ ಅವಳಿಗೆ ಕೇಳುವಂಥದು, ಅದೂ ಅಜಯಕುಮಾರನ ಅರ್ಧ:

“ಶರತಾ, ಅಪ್ಪನ ಪಾಲು ಕೈಗೆ ಹತ್ತವಲ್ದೋ. ನನಗ ಹಕ್ಕಿಲ್ಲ ಅಂತೈತಿ… ನನ್ನ ಪಾಲೂ ಹಂಗ, ಅವ್ವಂದೂ ಹಂಗ… ನಿಂದು? ನಿಂದು ತೆರೀತೈತೇನು? ಅದ ಮತ್ತ. ಎಲ್ಲಾರದೂ ಮುಚ್ಚಿ ನಿಂದಷ್ಟ ತೆರೀತೈತಿ… ಯಜಮಾನ ನೀ ಆಗಿ ಕುಂತಿದಿ, ನಾ ಇಲ್ಲಿ ಏನ್ ಮಾಡ್ಲಿ?… ಆತು, ಹಂಗಾರ ಎಲ್ಲಾರ ಹೆಸರೂ ತಗದು ಮತ್ತ ಮೊದಲಿಂದ ಹಚ್ಚೋಣ. ಆದ್ರ ಇವತ್ತ ಮುಗೀಬೇಕು. ಅತ್ತಿನೂ ಬಂದು ಕುಂತಾಳ.”

ರಾಟಿ ನಿಂತಿತು.

ಶರತ ಹೇಳಿದ್ದು ಇಷ್ಟೇ: ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ, ಅವರು ಹೋಗಲಿ, ಇಲ್ಲಿ ಕೂತೇ ಡಬ್ಬಿಯೊಳಗೆ ಹೊಕ್ಕು ಸರಿಮಾಡುತ್ತೇನೆ, ನೀನು ಅದಕ್ಕೆ ಕೈ ಹಚ್ಚಬೇಡ. ಮಕ್ತುಮಬಿಗೆ ಕೇಳಿದ್ದು ಬೇರೆ. ಮುದಿಯಪ್ಪನ ಇಬ್ಬರು ಮಕ್ಕಳ ನಡುವೆ ಪಾಲಿನ ಜಗಳ ಬಿದ್ದಿದೆ. ಸಣ್ಣವನು ಯಜಮಾನಿಕೆ ಕಸಿದುಕೊಂಡು ದೊಡ್ಡವನ ಪಾಲು, ತಾಯಿಯ ಪಾಲು ಎರಡೂ ನುಂಗಿದ್ದಾನೆ. ಹೆಸರು ತೆಗೆಸುವ ಮಟ್ಟಕ್ಕೆ ಬಂದಿದೆ. ಸಾಕ್ಷಿಗೆ ಅಬ್ಬಿಗೇರಿಯಿಂದ ಸೋದರತ್ತೆಯನ್ನು ಕರೆಸಿದ್ದಾರೆ. ಆ ಮನೆಯ ಉಪ್ಪು ತಿಂದವಳು ಮಕ್ತುಮಬಿ. ದುಃಖವಾಯಿತು. ಆ ದುಃಖವನ್ನು ಒಬ್ಬಳೇ ಹೊರಲಾರದೆ ಓಣಿಯ ಹಿರಿಯರಾದ ಪ್ರಭುಲಿಂಗಪ್ಪನವರ ಮನೆಗೆ ಹೋದಳು. ಹೋಗುವ ದಾರಿಯಲ್ಲಿ ಇನ್ನೂ ನಾಲ್ಕು ಮನೆಗಳಿದ್ದವು.

ಪ್ರಭುಲಿಂಗಪ್ಪನವರು ಮುದಿಯಪ್ಪನ ಜೊತೆಗಾರರು. ಸಂಜೆ ಸಂಜೆಗೆ ಬಂದು ಅವನ ಮಗ್ಗದ ಪಕ್ಕ ಕೂತು ಎಲೆಯಡಿಕೆ ಹಾಕಿ ಹೋಗುತ್ತಿದ್ದವರು. ಓಣಿಯಲ್ಲಿ ಗಂಡ ಹೆಂಡತಿ ಮುನಿಸಿಕೊಂಡರೆ, ನಲ್ಲಿ ನೀರಿಗೆ ಸರತಿ ತಪ್ಪಿದರೆ, ಅವರ ಮಾತೇ ಕಡೆಯದು. ಇತ್ತೀಚೆಗೆ ಜನ ಪೊಲೀಸ್ ಠಾಣೆಗೆ, ಕೋರ್ಟಿಗೆ ನೇರವಾಗಿ ಹೋಗಲು ಕಲಿತಿದ್ದರಿಂದ ಅವರಿಗೆ ಬಹಳ ದಿನದಿಂದ ಕೆಲಸವಿರಲಿಲ್ಲ. ಅವರು ರುಮಾಲು ಸುತ್ತಿಕೊಂಡ ವೇಗದಲ್ಲಿ ಮದುಮಗನೂ ಬಾಸಿಂಗ ಕಟ್ಟಿಕೊಳ್ಳುವುದಿಲ್ಲ.

ಹಿಂದೆ ನಾಲ್ಕೈದು ಜನರನ್ನು ಕರೆದುಕೊಂಡು ಅವರು ಒಳಗೆ ಬಂದಾಗ ಅಜಯಕುಮಾರ ಮೇಜಿನ ಕೆಳಗೆ ತಲೆ ಹಾಕಿ ವೈರು ಎಣಿಸುತ್ತಿದ್ದ.

“ತಮ್ಮಾ, ಹೊರಗ ಬಾ,” ಎಂದರು. “ತಲಿ ಮರಿಸ್ಕೊಂಡ್ರ ಮಾನ ಉಳಿಯಂಗಿಲ್ಲ.”

ಅಜಯಕುಮಾರ ಹೊರಗೆ ಬಂದು ಕಾಕಾನಿಗೆ ಕುರ್ಚಿ ಕೊಟ್ಟ. ವಿಷಯ ತಿಳಿದಾಗ ಮೊದಲು ನಕ್ಕ. ಅದು ತಪ್ಪಾಯಿತು, ನೊಂದವನ ನಗೆ ಎಂದು ಎಲ್ಲರೂ ತಲೆ ತಗ್ಗಿಸಿದರು. ಆಮೇಲೆ ವಿವರಿಸಿದ, ಅದು ಇನ್ನೂ ದೊಡ್ಡ ತಪ್ಪು. ಹೊಲ ಮನೆಯ ಮಾತಲ್ಲ, ಈ ಡಬ್ಬಿಯ ಮಾತು ಎಂದ. ಡಬ್ಬಿಯೊಳಗೆ ಜಾಗ ಇದೆ, ಆ ಜಾಗವನ್ನು ನಾಲ್ಕು ಪಾಲು ಮಾಡಿದ್ದೇವೆ, ಒಂದೊಂದು ಪಾಲಿಗೆ ಒಬ್ಬೊಬ್ಬರ ಹಕ್ಕು, ಅಪ್ಪನ ಪಾಲಿಗೆ ಎಲ್ಲರ ಹಕ್ಕು, ನಿನ್ನೆ ರಾತ್ರಿ ಯಾರಿಗೂ ಹೇಳದೆ ಹಕ್ಕು ಬದಲಾಗಿವೆ, ಈಗ ಎಲ್ಲವೂ ಶರತನ ಹೆಸರಿನಲ್ಲಿದೆ ಎಂದ. ಅವನು ಒಂದೊಂದು ವಾಕ್ಯ ಮುಗಿಸಿದಾಗಲೂ ಹಿರಿಯರು ಮಕ್ತುಮಬಿಯ ಕಡೆ ತಿರುಗಿ, ನೀ ಹೇಳಿದ್ದು ಖರೇ ಎಂಬಂತೆ ನೋಡುತ್ತಿದ್ದರು.

“ಅಂದ್ರ ಕಾಗದ ಪತ್ರ ಎಲ್ಲಾ ಈ ಡಬ್ಬಿಯೊಳಗ ಅದಾವ,” ಎಂದರು ಪ್ರಭುಲಿಂಗಪ್ಪನವರು.

“ಕಾಗದ ಅಲ್ರಿ ಕಾಕಾ, ಅಪ್ಪನ ದನಿ ಐತಿ.”

“ಅದ ಅಪ್ಪಾ. ಅವನ ಮಾತು. ಬರವಣಿಗಿಕಿಂತ ಬಾಯಿಮಾತು ದೊಡ್ಡದು.”

ಮಗ್ಗದ ಮೇಲಿಂದ ಅನ್ನವ್ವ ಲಾಳಿ ನಿಲ್ಲಿಸಿ, ಇಳಿಯದೆ ಅಲ್ಲಿಂದಲೇ ಹೇಳಿದಳು:

“ಅಣ್ಣಾರ, ಅವರಪ್ಪ ಬಿಟ್ಟ ಹೋಗಿದ್ದು ಒಂದ ಮಗ್ಗದ ತೆಗ್ಗು. ಅದನ್ನ ಹ್ಯಾಂಗ ಹಂಚಕೋತಾರ? ಇಂವಗ ಅರ್ಧಾ ತೆಗ್ಗು, ಅವಂಗ ಅರ್ಧಾ ತೆಗ್ಗು?”

ತಾಯಿಯ ಕರುಳು, ಮುಚ್ಚಿಡಲು ನೋಡುತ್ತಿದೆ ಎಂದು ಹಿರಿಯರು ತಮ್ಮತಮ್ಮಲ್ಲಿ ಅಂದುಕೊಂಡರು. ಪ್ರಭುಲಿಂಗಪ್ಪನವರು ಜೇಬಿನಿಂದ ಫೋನು ತೆಗೆದು ಶರತನಿಗೆ ಹಚ್ಚಿ, ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಬಾ ಎಂದು ಎರಡೇ ಮಾತಿನಲ್ಲಿ ಮುಗಿಸಿದರು. ಅವನು ಬರುವತನಕ ಡಬ್ಬಿ ಯಾರ ಕೈಯಲ್ಲೂ ಇರಬಾರದು ಎಂದು ತೀರ್ಮಾನಿಸಿದರು. ಹಿಂದೆ ಅಣ್ಣತಮ್ಮಂದಿರ ವ್ಯಾಜ್ಯವಾದಾಗ ತಿಜೋರಿಯ ಕೀಲಿ ಮೂರನೆಯ ಮನೆಯಲ್ಲಿಡುವ ಪದ್ಧತಿ ಇತ್ತು. ಅದರಂತೆ ಒಬ್ಬನು ಗೂಡಿಗೆ ಕೈಹಾಕಿ, ದೀಪ ಉರಿಯುತ್ತಿದ್ದ ಡಬ್ಬಿಯನ್ನು ವೈರುಗಳಿಂದ ಕಿತ್ತು, ಮಕ್ತುಮಬಿಯ ಮಡಿಲಿಗೆ ಇಟ್ಟ. ನೀಲಿ ದೀಪಗಳು ಒಂದೊಂದಾಗಿ ಆರಿದವು. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ತನ್ನ ಮನೆಯ ಜೋಳದ ಚೀಲಗಳ ನಡುವೆ ಇಟ್ಟು, ಬಾಗಿಲಿಗೆ ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

ಇತ್ತ ನರಗುಂದದಲ್ಲಿ ಶರತನ ಅಂಗಡಿಯ ಕಡೆಯ ಗಿರಾಕಿ ಆಗಷ್ಟೇ ಹೋಗಿದ್ದ. ಅವನು ಕೂತು, ಡಬ್ಬಿಯೊಳಗೆ ಹೊಕ್ಕು, ಅಣ್ಣನ ಹೆಸರಿನ ಮುಂದೆ ಬೆರಳು ಇಡುವ ಹೊತ್ತಿಗೆ ಡಬ್ಬಿಯೇ ಕಾಣದಾಯಿತು. ಅದೇ ಗಳಿಗೆಗೆ ಕಾಕಾನ ಫೋನು ಬಂತು. ಅವ್ವನಿಗೇ ಏನೋ ಆಗಿದೆ ಎಂದುಕೊಂಡು ಅವನು ಅಂಗಡಿ ಎಳೆದು ಬೈಕು ಹತ್ತಿದ.

ಅವನು ಬರುವತನಕ ಹಿರಿಯರು ಹಳೆಯ ದಿನಗಳನ್ನು ಮಾತಾಡಿದರು. ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಓಣಿಯಲ್ಲಿ ಮನೆಗೆ ಎರಡು ಮಗ್ಗ ಇದ್ದ ಕಾಲ; ಬೆಳಗಿನ ಜಾವಕ್ಕೆ ಒಂದು ಮನೆಯ ಲಾಳಿ ಸದ್ದಿಗೆ ಇನ್ನೊಂದು ಮನೆ ಏಳುತ್ತಿದ್ದ ಕಾಲ. ಮುದಿಯಪ್ಪ ಪದ ಎತ್ತಿದರೆ ಅತ್ತ ತುದಿಯ ಮನೆಯವನು ಎರಡನೆಯ ಸಾಲು ಹಿಡಿಯುತ್ತಿದ್ದ, ನಡುವಿನವರು ತಾಳಕ್ಕೆ ಹಲಗೆ ಬಡಿಯುತ್ತಿದ್ದರು, ಇಡೀ ಓಣಿ ಒಂದೇ ಸೀರೆ ನೇಯುತ್ತಿರುವ ಹಾಗೆ ಇರುತ್ತಿತ್ತು. ಈಗ ಓಣಿಯಲ್ಲಿ ಮೂರು ಮಗ್ಗ. ಮರಿಯವ್ವ ತಮ್ಮ ಚಿಕ್ಕವನಿದ್ದಾಗ ಅವನನ್ನು ಟೊಂಕದ ಮೇಲೆ ಕೂರಿಸಿಕೊಂಡು ಕಂಡಿಕೆ ಸುತ್ತಿದ್ದನ್ನು ಹೇಳಿದಳು. ಅಜಯಕುಮಾರ ಬಸ್ಸಿನ ಹೊತ್ತು ನೋಡುತ್ತ, ಆದರೂ ಕೇಳುತ್ತ ಕೂತಿದ್ದ. ರೂಪಾ ಮೂರನೆಯ ಸಲ ಚಹಾ ತಂದಿಟ್ಟು, ಅವನಿಗಷ್ಟೇ ಕೇಳುವಂತೆ ಅಂದಳು:

“ಫೋಲ್ಡರ್ ಅಂತ ಇಟ್ಟಿದ್ರ ಆಗತಿತ್ತು. ಹಾಲು ತೀರೇತ್ರಿ.”

ಮಾತಿನ ನಡುವೆ ಪ್ರಭುಲಿಂಗಪ್ಪನವರು ಅಜಯಕುಮಾರನ ಬೆನ್ನ ಮೇಲೆ ಕೈಯಿಟ್ಟು ಎಲ್ಲರಿಗೂ ಹೇಳಿದರು: “ಮುದಿಯಪ್ಪ ಕಣ್ಣಿದ್ದ ಮನಶ್ಯಾ. ಈ ಹುಡುಗನ ಬುದ್ಧಿ ನೋಡಿನ ಮಗ್ಗ ಬಿಡಿಸಿ ಸಾಲಿಗೆ ಹಾಕಿದ.” ಅಜಯಕುಮಾರನ ಮುಖ ಅಷ್ಟು ತಾಪತ್ರಯದಲ್ಲೂ ಅರಳಿತು. ಈ ಮಾತನ್ನು ಅವನು ವರ್ಷಕ್ಕೊಮ್ಮೆ ತನ್ನ ವಿದ್ಯಾರ್ಥಿಗಳಿಗೂ ಹೇಳುತ್ತಿದ್ದ.

ಧೂಳು ಮೆತ್ತಿಕೊಂಡು ಶರತ ಬಂದ. ಅವ್ವ ಮಗ್ಗದ ಮೇಲೆ ಗಟ್ಟಿಮುಟ್ಟಾಗಿ ಕೂತದ್ದು ನೋಡಿ ಮೊದಲು ಸಮಾಧಾನವಾಯಿತು, ಆಮೇಲೆ ಸಿಟ್ಟು ಬಂತು.

“ಕಾಕಾ, ಡಬ್ಬಿಗೆ ಯಜಮಾನ ನಾ ಇದೀನ್ರಿ,” ಎಂದ. “ಅಣ್ಣಗ ಹಕ್ಕ ಕೊಡೂದು ಬಿಡೂದು ನನ್ನ ಕೈಯಾಗ ಐತಿ. ಡಬ್ಬಿ ತರಸ್ರಿ, ಎರಡ ಮಿಂಟದಾಗ ಕೊಟ್ಟಬಿಡ್ತೀನಿ.”

ಸಭೆ ಒಮ್ಮೆಗೇ ಮುಂದಕ್ಕೆ ಬಾಗಿತು.

“ಹಿರ್ಯಾ ಮುಂದ ಕುಂತಾಗ ಕಿರ್ಯಾ ಯಜಮಾನ ಅಂತಾನಲ್ಲೊ,” ಎಂದು ಹಿಂದೆ ಯಾರೋ ಗೊಣಗಿದರು. ಇನ್ನೊಬ್ಬರು, ಕೊಡುವ ಮಾತಾದರೂ ಆಡಿದನಲ್ಲ, ಅಷ್ಟು ಒಳ್ಳೆಯದು ಎಂದರು. ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದ್ದರಿಂದ, ಅವರು ಒಂದೇ ಮಾತು ಹೇಳುತ್ತಿದ್ದರೂ, ನೋಡುವವರಿಗೆ ಜಗಳವೆಂದೇ ಕಂಡಿತು.

ಆಗ ಮರಿಯವ್ವ ಗೋಡೆ ಹಿಡಿದು ಎದ್ದು ನಿಂತಳು. ಕೈಯಲ್ಲಿ ಆಗಲೇ ಚೀಲವಿತ್ತು.

“ನನಗ ಹೊಲಾ ಬ್ಯಾಡ, ಮನಿ ಬ್ಯಾಡ,” ಎಂದಳು. “ನಮ್ಮ ಮುದಿಯಾನ ದನಿ ಒಂದೀಟ ಕೇಳಸ್ರಿ. ಕೇಳಿ ನಾ ನಮ್ಮೂರಿಗೆ ಹೋಗಾಕಿ. ಇನ್ನೊಮ್ಮೆ ಬರೂವಷ್ಟು ಮಂಡಿ ಉಳದಿಲ್ಲ.”

ಮನೆಮಗಳು ತನ್ನ ಹಕ್ಕು ಬಿಟ್ಟುಕೊಟ್ಟಳೆಂದು ಹಿರಿಯರ ಕಣ್ಣು ತೇವವಾದವು. ಪ್ರಭುಲಿಂಗಪ್ಪನವರು ಕೆಮ್ಮಿ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು:

“ಹೆಣ್ಮಗಳ ಮುಂದ ನೀವು ಗಂಡಸರು ಸಣ್ಣವರಾದ್ರಿ. ಕೇಳ್ರಿ. ಒಬ್ಬಗ ಹೆಚ್ಚಿಲ್ಲ, ಒಬ್ಬಗ ಕಡಿಮಿ ಇಲ್ಲ. ಮುದಿಯಪ್ಪನ ಪಾಲು ಎಲ್ಲಾರಿಗೂ. ಒಪ್ಪಗಿ ಏನು?”

“ಒಪ್ಪಗೀರಿ,” ಎಂದ ಅಜಯಕುಮಾರ. ಡಬ್ಬಿ ಬಂದರೆ ಸಾಕಾಗಿತ್ತು ಅವನಿಗೆ.

ಜೋಳದ ಧೂಳು ಹೊತ್ತು ಡಬ್ಬಿ ಮರಳಿತು. ಒರೆಸಿ, ವೈರು ಸಿಕ್ಕಿಸಿ, ದೀಪಗಳು ನೀಲಿಯಾಗುವುದನ್ನು ಕಾದು, ಶರತ ಕಂಪ್ಯೂಟರಿನ ಮುಂದೆ ಕೂತ. ಅವನ ಹೆಗಲ ಮೇಲೆ ಪ್ರಭುಲಿಂಗಪ್ಪನವರು, ಅವರ ಹೆಗಲ ಮೇಲೆ ಉಳಿದವರು ಬಾಗಿದರು. ಕನ್ನಡವಾದ್ದರಿಂದ ಎಲ್ಲರಿಗೂ ಓದಲು ಬಂತು. ‘ಅಪ್ಪನ ಪಾಲು. ಹಕ್ಕು ಯಾರಿಗೆ?’ ಎಂದು ಪರದೆ ಕೇಳುತ್ತಿತ್ತು. ಕೆಳಗೆ ಮನೆಯವರ ಹೆಸರುಗಳು, ಎಲ್ಲಕ್ಕಿಂತ ಕೆಳಗೆ ‘ಎಲ್ಲರೂ’. ಶರತ ಅಣ್ಣನ ಹೆಸರಿನ ಮೇಲೆ ಬಾಣ ಒಯ್ದ. ಪ್ರಭುಲಿಂಗಪ್ಪನವರು ಎಲೆಯಡಿಕೆಯ ಬೆರಳನ್ನು ಪರದೆಯ ಮೇಲೇ ಇಟ್ಟರು.

“ಹಂಗಲ್ಲ. ಎಲ್ಲಾರೂ ಅಂತ ತೀರ್ಪಾಗೇತಿ. ಇಲ್ಲೇ ಬರದೈತಿ ನೋಡು.”

ಶರತ ಅಣ್ಣನ ಕಿವಿಯಲ್ಲಿ ಹೇಳಿದ: “ಎಲ್ಲಾರೂ ಅಂದ್ರ ಖರೇನ ಎಲ್ಲಾರೂ, ಅಣ್ಣಾ. ಸಾಲಿ ಬಂದ್ ಇದ್ದಾಗ ನೀ ಇಡೀ ಓಣಿಗೆ ವೈಫೈ ಕೊಟ್ಟೀದಿ. ಎಲ್ಲಾರ ಫೋನಿನಾಗೂ ಬರ್ತೈತಿ.”

“ಬರಲಿ ಬಿಡೊ. ಅಪ್ಪನ ಪದ ತಾನ? ಕೇಳಲಿ,” ಎಂದ ಅಜಯಕುಮಾರ. ಬಸ್ಸಿಗೆ ಹೊತ್ತು ಉಳಿದಿರಲಿಲ್ಲ. ಅವನೇ ಕೈ ಚಾಚಿ ‘ಎಲ್ಲರೂ’ ಒತ್ತಿದ. ಬಾಗಿಲು ತೆರೆಯಿತು.

ದನಿ ಜೋರಾಗಿ ಬರಲೆಂದು ರೂಪಾ ದೊಡ್ಡ ಸ್ಪೀಕರ್ ತಂದು ಹಚ್ಚಿದಳು. ಮೊದಲು ಮಗ್ಗದ ಸದ್ದು ಬಂತು. ಈಗ ಯಾವ ಮಗ್ಗಕ್ಕೂ ಇಲ್ಲದ ಸದ್ದು, ಅಪ್ಪನ ಮಗ್ಗದ ಎಡಗಡೆಯ ತುಳಿಹಲಗೆ ಕಿರುಗುಟ್ಟುವುದು. ಲಾಳಿ ಅತ್ತ, ಲಾಳಿ ಇತ್ತ. ಆಮೇಲೆ ಪದ. ಏರುವ ಕಡೆ ಏರದೆ, ಸೀಳು ಬಿದ್ದ, ಎಲೆಯಡಿಕೆ ತುಂಬಿದ ದನಿ. ಮರಿಯವ್ವ ಕಣ್ಣು ಮುಚ್ಚಿ ಕೂತಿದ್ದಳು. ಪದ ಮುಗಿಯಿತು.

ಅಜಯಕುಮಾರ ಇಲ್ಲಿಯವರೆಗೆ ಮಾತ್ರ ಕೇಳಿದ್ದ. ಅಂದು ಫೋನು ಗೂಡಿನಲ್ಲಿಟ್ಟು ಊಟಕ್ಕೆ ಹೋಗಿದ್ದ; ಆಮೇಲೆ ಪದದಷ್ಟು ಕೇಳಿ ಸಾಕೆನ್ನಿಸಿತ್ತು; ಅಪ್ಪ ಹೋದ ಮೇಲೆ ಅಷ್ಟೂ ಕೇಳಲಾಗಿರಲಿಲ್ಲ. ನಿಲ್ಲಿಸಲು ಕೈ ಮುಂದೆ ಮಾಡಿದ. ಅಷ್ಟರಲ್ಲಿ ಸ್ಪೀಕರಿನಿಂದ ಅಪ್ಪ ಕರೆದ:

“ಏ, ಕೇಳ್ತೇನ? ಒಂದ ತಂಬಿಗಿ ನೀರ ತಾ.”

ಮಗ್ಗದ ಮೇಲಿದ್ದ ಅನ್ನವ್ವ ಲಾಳಿ ಕೆಳಗಿಟ್ಟು ಕುಣಿಯಿಂದ ಒಂದು ಕಾಲು ಮೇಲೆತ್ತಿದಳು. ಎತ್ತಿದ ಕಾಲು ಹಾಗೇ ನಿಂತಿತು. ಆಮೇಲೆ ಅವಳು ಕಾಲನ್ನು ಮೆಲ್ಲಗೆ ಮತ್ತೆ ಇಳಿಬಿಟ್ಟು, “ದಿನಾ ಹಿಂಗ. ಎಳಿ ಹಚ್ಚಾಗನ ನೀರಡಕಿ ಅವರಿಗೆ,” ಎಂದಳು.

ಅಜಯಕುಮಾರನಿಗೆ ನಿಲ್ಲಿಸಲು ಮನಸ್ಸಾಗಲಿಲ್ಲ. ಅದು ಅವನ ಆ ದಿನದ ಕಡೆಯ ತಪ್ಪು.

ಸ್ಪೀಕರಿನಲ್ಲಿ ಇನ್ನೊಂದು ದನಿ ಬಂತು. ಪ್ರಭುಲಿಂಗಪ್ಪನವರದು, ಹಲ್ಲಿದ್ದ ಕಾಲದ್ದು. ಅಲ್ಲೋ ಮುದಿಯಪ್ಪ, ದೊಡ್ಡ ಮಗನ್ನ ಮಗ್ಗಕ್ಕ ಕುಂಡ್ರಸಲೇ ಇಲ್ಲಲ್ಲ, ಭಾಳ ಶಾಣ್ಯಾ ಅಂತ ಸಾಲಿಗೆ ಹಾಕಿದೇನು ಎಂದು ಕೇಳುತ್ತಿದ್ದರು.

“ಶಾಣ್ಯಾ ಎಲ್ಲಿ ಬಂತೊ,” ಎಂದ ಮುದಿಯಪ್ಪ. “ಒಮ್ಮೆ ಕೊಂಡಿ ಹಾಕಾಕ ಕುಂಡ್ರಸಿದ್ನಿ.”

ಓಣಿಯವರಿಗೆ ಹೇಳಬೇಕಾಗಿರಲಿಲ್ಲ. ಅಲ್ಲಿಯ ಸೀರೆಗೆ ಮೈಯ ನೂಲು ಬೇರೆ, ಸೆರಗಿನ ಕೆಂಪು ನೂಲು ಬೇರೆ. ಎಳೆಗೆ ಎಳೆ ಕೊಕ್ಕೆ ಹಾಕಿ ಎರಡನ್ನೂ ಕೂಡಿಸಬೇಕು. ಅದೇ ಕೊಂಡಿ.

“ಎರಡ ದಿನ ಬಾಯಾಗ ಲೆಕ್ಕಾ ಹಾಕ್ಕೋತ ಕೊಂಡಿ ಹಾಕಿದ,” ಎನ್ನುತ್ತಿದ್ದ ಮುದಿಯಪ್ಪ. “ಬಿಗೀ ಮಾಡಿ ಎಳದ್ನಿ ನೋಡು, ಸೆರಗು ಪೂರಾ ನನ್ನ ಕೈಯಾಗ ಬಂತು, ಸೀರಿ ಮಗ್ಗದಾಗ ಉಳೀತು. ಇಂವ ನೇಕಾರ ಆಗಿದ್ರ ಗಜೇಂದ್ರಗಡದ ಹೆಣ್ಮಕ್ಕಳು ಸೆರಗಿಲ್ಲದ ತಿರಗಾಡಬೇಕಾಗತಿತ್ತು. ಅದಕ್ಕ ಸಾಲಿಗೆ ಹಾಕಿದ್ನಿ. ಅಲ್ಲೇ ಏನರ ಹರಕೊಳ್ಳಲಿ, ನಮ್ಮ ನೂಲಂತೂ ಅಲ್ಲ.”

ಸ್ಪೀಕರಿನೊಳಗಿನ ಪ್ರಭುಲಿಂಗಪ್ಪನವರು ಕೆಮ್ಮು ಬರುವತನಕ ನಕ್ಕರು. ಹೊರಗಿನ ಪ್ರಭುಲಿಂಗಪ್ಪನವರು ತಲೆಯೆತ್ತಿ ಮಾಡಿನ ತೊಲೆ ಎಣಿಸುತ್ತಿದ್ದರು. ಮೊದಲು ನಕ್ಕವಳು ರೂಪಾ. ಆಮೇಲೆ ಯಾರು ನಗಲಿಲ್ಲ ಎಂದು ಕೇಳುವುದೇ ಸುಲಭ. ಮಕ್ತುಮಬಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಅದು ಗಟ್ಟಿಯಾಗಿದೆಯೇ ಎಂದು ನೋಡಿಕೊಂಡು. ಅನ್ನವ್ವ ಮಗ್ಗದ ಮೇಲೆ ಬಗ್ಗಿ ಬಗ್ಗಿ ನಕ್ಕಳು.

ಅಜಯಕುಮಾರ ಅತ್ತೆಯ ಕಡೆ ನೋಡಿದ. ಮರಿಯವ್ವನ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು.

“ಈಗ ಬಂತು ನೋಡು ನಮ್ಮ ಮುದಿಯಾ,” ಎಂದಳು. “ಪದ ಯಾರರ ಹೇಳ್ಯಾರು. ಹಿಂಗ ಬೈಯಾಂವ ಅಂವ ಒಬ್ಬನ. ಅದ ತುಣುಕ ನನಗ ಹಾಕಿಕೊಡು.”

“ಅತ್ತೀ, ಪದ ಹಾಕಿಕೊಡ್ತೀನಿ,” ಎಂದ ಅಜಯಕುಮಾರ.

“ಪದ ನಿನಗಿರಲಿ. ನನಗ ಸೆರಗಿಂದ ಬೇಕು.”

ಶರತ ಅಣ್ಣನ ಮುಖ ನೋಡದೆ, ಅವಳ ಮೊಮ್ಮಗ ಕೊಟ್ಟಿದ್ದ ಹಳೆಯ ಫೋನಿಗೆ ಆ ತುಣುಕು ಹಾಕಿ, ಯಾವ ಗುಂಡಿ ಒತ್ತಬೇಕೆಂದು ಎರಡು ಸಲ ತೋರಿಸಿದ. ಹಿರಿಯರು, ತೀರ್ಪಿನಿಂದ ಮನೆತನ ಒಂದಾಯಿತು ಎಂಬ ಸಮಾಧಾನದಲ್ಲಿ ಎದ್ದರು.

ಅತ್ತೆಯ ಚೀಲ ಹಿಡಿದು ಅಜಯಕುಮಾರ ಬಸ್ ನಿಲ್ದಾಣಕ್ಕೆ ಹೊರಟ. ಓಣಿ ದಾಟುವುದರೊಳಗೆ ಮೂರು ಮನೆಗಳಿಂದ ಅಪ್ಪನ ದನಿ ಬಂತು. ಒಂದು ಮನೆಯಲ್ಲಿ ಸೆರಗು ಕೈಯಲ್ಲಿ ಬರುತ್ತಿತ್ತು, ಇನ್ನೊಂದರಲ್ಲಿ ಹೆಣ್ಣುಮಕ್ಕಳು ತಿರುಗಾಡುತ್ತಿದ್ದರು. ಎಲ್ಲರೂ ಒಂದೇ ಸಲ ಹಚ್ಚಿಲ್ಲವಾದ್ದರಿಂದ ಹಿಂದೆ ಮುಂದೆ ಆಗುತ್ತಿತ್ತು. ಸಾಲಿಗೆ ಸಾಲು ಸೇರಿಸಿ ಓಣಿ ಮತ್ತೆ ಒಟ್ಟಿಗೆ ದನಿ ಎತ್ತಿದಂತಿತ್ತು. ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಕೆಳಗೆ ಇನ್ನೇನೋ ಇತ್ತು. ಅದು ಸುಖವೆಂದು ಒಪ್ಪಿಕೊಳ್ಳಲು ಅವನು ಸಿದ್ಧನಿರಲಿಲ್ಲ.

ಅಬ್ಬಿಗೇರಿ ಮೇಲೆ ರೋಣಕ್ಕೆ ಹೋಗುವ ಬಸ್ಸು ತುಂಬಿತ್ತು. ಅತ್ತೆಯನ್ನು ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ, ಕೆಳಗಿಳಿದು ನಿಂತ. ಅವಳು ಕೈ ಹೊರಗೆ ಚಾಚಿ ಅವನ ಗಲ್ಲ ಸವರಿದಳು. ಆಮೇಲೆ, ಮರೆತು ಹೋಗುವ ಮೊದಲು ಒಮ್ಮೆ ನೋಡೋಣವೆಂದು, ಶರತ ತೋರಿಸಿದ ಗುಂಡಿ ಒತ್ತಿದಳು. ಕಿವಿ ಮಂದವಾದವರ ಫೋನು. ದನಿ ಪೂರ್ತಿ ಏರಿಸಿಟ್ಟದ್ದು.

ಬಸ್ಸಿನ ತುಂಬ ಮುದಿಯಪ್ಪ ಮಾತಾಡಿದ. ಮುಂದಿನ ಸೀಟಿನವರು ಹಿಂದೆ ತಿರುಗಿದರು, ಹಿಂದಿನವರು ಎದ್ದು ನಿಂತರು. ರವಿವಾರ ಊರಿಗೆ ಬಂದು ಮರಳುತ್ತಿದ್ದ ಕಾಲೇಜು ಹುಡುಗಿಯರು ನಾಲ್ಕು ಜನ ಬಾಯಿ ಮುಚ್ಚಿಕೊಂಡರು. ಅವರಲ್ಲಿ ಇಬ್ಬರು ಅವನ ಕ್ಲಾಸಿನವರು. ಯಾರ ಮಾತವ್ವಾ ಇದು ಎಂದು ಪಕ್ಕದವಳು ಕೇಳಿದಳು. ಮರಿಯವ್ವ ಹೆಮ್ಮೆಯಿಂದ, ನನ್ನ ತಮ್ಮಂದು ಎಂದಳು. ಯಾರಿಗೆ ಅಂದದ್ದು ಎಂದು ಕೇಳಿದಳು. ಮರಿಯವ್ವ ಕಿಟಕಿಯಿಂದ ಬೆರಳು ತೋರಿಸಿದಳು.

ಚೀಟಿ ಹರಿಯುತ್ತಿದ್ದ ಕಂಡಕ್ಟರು ಬಾಗಿಲಿಗೆ ಬಂದು, ಬೆರಳು ತೋರಿಸಿದ ಕಡೆ ಬಗ್ಗಿ ನೋಡಿದ. ದಿನಾ ನೋಡುವ ಮುಖವೇ.

“ಅಯ್ಯ, ಫಿಜಿಕ್ಸ್ ಸರ್, ನೀವೇನ್ರಿ ಅಂವ?”

“ಹೌದ್ರಿ,” ಎಂದ ಅಜಯಕುಮಾರ.

ಕಂಡಕ್ಟರು ಸೀಟಿ ಊದಿದ. ಬಸ್ಸು ಅಪ್ಪನ ದನಿಯನ್ನು ಹೊತ್ತುಕೊಂಡು ತಿರುವಿನಲ್ಲಿ ಮರೆಯಾಯಿತು. ಅಜಯಕುಮಾರ ಅದು ಕೇಳಿಸುವಷ್ಟು ದೂರ ಕೇಳಿಸಿಕೊಂಡು ನಿಂತಿದ್ದ. ನಾಳೆ ಬೆಳಿಗ್ಗೆ ರೋಣಕ್ಕೆ ಹೋಗಲು ಅವನಿಗೂ ಇದೇ ಬಸ್ಸು.